ಅಂಗಳದ ದೋಣಿ

ಶರಾವತಿಯು ಕಡಲನ್ನು ಸೇರುವ ಹೊನ್ನಾವರದ ಆಸುಪಾಸಿನಲ್ಲಿ ದೋಣಿಯೆಂಬುದು ಯಾರಿಗೂ ಸೋಜಿಗದ ವಸ್ತುವಲ್ಲ. ಆದರೆ ಹೊಳೆಯಲ್ಲಿರಬೇಕಾದ ದೋಣಿಯು ನಿವೃತ್ತ ಮಾಸ್ತರನೊಬ್ಬನ ಅಂಗಳದಲ್ಲಿ, ಅಡಿಕೆ ಒಣಗಿಸುವ ಜಾಗದಲ್ಲಿ, ದಿನಕ್ಕೊಂದಿಷ್ಟು ಬೆಳೆಯತೊಡಗಿದರೆ ಅದು ಊರಿನ ಸುದ್ದಿಯಾಗದೆ ಇರದು. ಹಾದಿಯಲ್ಲಿ ಹೋಗುವವರೆಲ್ಲ ಬೇಲಿಯ ಬಳಿ ನಿಂತು ಒಂದೊಂದು ಮಾತು ಹೇಳಿ ಹೋಗುತ್ತಿದ್ದರು. “ಏನು ಮಾಸ್ತರೇ, ಈ ವರ್ಷ ಪ್ರಳಯವಾಗುವುದೆಂದು ಪಂಚಾಂಗದಲ್ಲೇನಾದರೂ ಬರೆದಿದೆಯೆ?” ಎಂದು ಅಂಚೆಯವನು ಕೇಳಿದ. ನನ್ನ ಗೃಹಿಣಿ ಮಾತ್ರ ಇಂಥ ವಿನೋದಕ್ಕೆ ಹೋಗಲಿಲ್ಲ. “ಅಡಿಕೆಯನ್ನು ಎಲ್ಲಿ ಹರಡುವುದು?” ಎಂಬ ಒಂದೇ ಪ್ರಶ್ನೆ ಆಕೆಯದು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ; ಇಂದಿಗೂ ಇಲ್ಲ.

ಅರುವತ್ತು ದಾಟಿದವನಿಗೆ ಈ ಗೀಳು ಹೇಗೆ ಹತ್ತಿತೆಂಬುದನ್ನು ಮೊದಲು ಹೇಳಬೇಕು. ಮೂವತ್ತೊಂದು ವರ್ಷ ನಾನು ಪ್ರೌಢಶಾಲೆಯಲ್ಲಿ ವಿಜ್ಞಾನವನ್ನು ಕಲಿಸಿದೆ. ಪ್ರತಿ ವರ್ಷವೂ ತಪ್ಪದೆ ಆರ್ಕಿಮಿಡೀಸನ ತತ್ತ್ವದ ಪಾಠ ಬರುತ್ತಿತ್ತು. ತೇಲುವ ವಸ್ತುವು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆ ಎಂದು ಕರಿಹಲಗೆಯ ಮೇಲೆ ಬರೆದು, ಅಡಿಯಲ್ಲೊಂದು ಗೆರೆ ಎಳೆದು, ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ನಿವೃತ್ತಿಯ ಹಿಂದಿನ ವರ್ಷ, ಬೆಸ್ತರ ಕೇರಿಯ ಹುಡುಗಿಯೊಬ್ಬಳು ಪಾಠ ಮುಗಿದ ಮೇಲೆ ಎದ್ದು ನಿಂತು ಕೇಳಿದಳು: “ಸರ್, ಹೊಳೆಯಲ್ಲಿ ಒಂದು ದೋಣಿಯನ್ನು ನೋಡಿದರೆ ಅದರಲ್ಲಿ ಎಷ್ಟು ಮಂದಿ ಕೂರಬಹುದೆಂದು ನಿಮಗೆ ಹೇಳಲಿಕ್ಕೆ ಬರುತ್ತದೆಯೆ? ನಮ್ಮಪ್ಪನಿಗೆ ಬರುತ್ತದೆ.” ಅವಳ ದನಿಯಲ್ಲಿ ಪರಿಹಾಸ್ಯವಿರಲಿಲ್ಲ, ತಿಳಿಯುವ ಆಸೆಯೊಂದೇ ಇತ್ತು. “ಅಳತೆ ಕೊಟ್ಟರೆ ಲೆಕ್ಕ ಹಾಕಬಹುದಮ್ಮ” ಎಂದೆ. ಅವಳು ತಲೆಯಾಡಿಸಿ ಕುಳಿತಳು. ಆದರೆ ಆ ಅಳತೆಯನ್ನು ಹೇಗೆ ತೆಗೆಯುವುದೆಂದು ಅವಳು ಕೇಳಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆನೆಂಬುದು ನನಗೆ ಗೊತ್ತಿತ್ತು. ಹೊಳೆಯ ದಂಡೆಯಲ್ಲಿ ಹುಟ್ಟಿ, ಹೊಳೆಯ ದಂಡೆಯಲ್ಲೇ ಬಾಳಿದವನಿಗೆ ಅದೊಂದು ಸಣ್ಣ ಮುಳ್ಳಾಗಿ ಉಳಿಯಿತು. ನಿವೃತ್ತನಾದ ಮೇಲೆ ಆ ಮುಳ್ಳನ್ನು ತೆಗೆದುಕೊಳ್ಳಲು ದೋಣಿಯನ್ನೇ ಕಟ್ಟಿ ನೋಡುವುದೆಂದು ನಿಶ್ಚಯಿಸಿದೆ.

ಕೈಗಸುಬು ತಿಳಿಯದವನು ಮನೆಯಲ್ಲಿ ಕುಳಿತು ದೋಣಿ ಕಟ್ಟುವುದು ಹುಚ್ಚಲ್ಲವೆ ಎಂದು ವಾಚಕರು ಕೇಳಬಹುದು. ಹುಚ್ಚೇ ಇರಬಹುದು, ಆದರೆ ಆ ಹುಚ್ಚಿಗೆ ಒಳ್ಳೆಯ ಪರಂಪರೆಯಿದೆ. ಜೋಶುವಾ ಸ್ಲೋಕಮ್ ಎಂಬ ಹಡಗಿನ ಕಪ್ತಾನನಿಗೆ ಅಮೆರಿಕದ ಫೇರ್‌ಹೇವನ್ ಎಂಬ ಊರಿನ ಹೊಲವೊಂದರಲ್ಲಿ ಬಿದ್ದಿದ್ದ ಒಂದು ಮುದಿ ದೋಣಿ ೧೮೯೨ರಲ್ಲಿ ದಕ್ಕಿತು. ಹದಿಮೂರು ತಿಂಗಳು ದುಡಿದು, ೫೫೩ ಡಾಲರ್ ೬೨ ಸೆಂಟುಗಳಷ್ಟು ಸಾಮಗ್ರಿಯನ್ನು ಹಾಕಿ, ಅವನು ಅದನ್ನು ಅಡಿಯಿಂದ ಮೇಲಿನವರೆಗೆ ಹೊಸದಾಗಿ ಕಟ್ಟಿದ. ಆ ‘ಸ್ಪ್ರೇ’ಯಲ್ಲಿ ಒಬ್ಬನೇ ಕುಳಿತು ೧೮೯೫ರ ಏಪ್ರಿಲಿನಲ್ಲಿ ಹೊರಟವನು ಭೂಮಂಡಲವನ್ನು ಸುತ್ತಿ ೧೮೯೮ರ ಜೂನಿನಲ್ಲಿ ಮರಳಿದ. ಏಕಾಕಿಯಾಗಿ ಲೋಕ ಸುತ್ತಿದ ಮೊದಲ ನಾವಿಕ ಅವನೇ. ಆದರೆ ಸ್ಲೋಕಮ್ ಕಡಲಿನ ಮನುಷ್ಯ. ಮರದ ಮರ್ಮ ಬಲ್ಲವನು. ನನ್ನಂಥವರಿಗೆ ಬೇಕಾದ ದಾರಿ ತೆರೆದದ್ದು ಮುಂದೆ, ಎರಡನೆಯ ಮಹಾಯುದ್ಧದ ತರುವಾಯ. ವಿಮಾನಗಳಿಗೂ ಯುದ್ಧದ ದೋಣಿಗಳಿಗೂ ಬೇಕಾಗಿ ನೀರಿಗೆ ಬಿಚ್ಚಿಕೊಳ್ಳದ ಅಂಟಿನ ಪ್ಲೈವುಡ್ಡು ಆ ಕಾಲದಲ್ಲಿ ಬಳಕೆಗೆ ಬಂದಿತ್ತು. ಯುದ್ಧ ಮುಗಿದ ಮೇಲೆ ಅದು ಜನಸಾಮಾನ್ಯರ ಕೈಗೂ ಸಿಕ್ಕಿತು. ೧೯೪೭ರಲ್ಲಿ ಫ್ಲಾರಿಡಾದ ಕ್ಲಿಯರ್‌ವಾಟರಿನಲ್ಲಿ ಕ್ಲಾರ್ಕ್ ಮಿಲ್ಸ್ ಎಂಬವನು ಮಕ್ಕಳಿಗಾಗಿ ಎರಡು ಪ್ಲೈವುಡ್ ಹಲಗೆಗಳಿಂದಲೇ ಆಗಬಲ್ಲ, ಎಂಟಡಿಗೂ ಕಿರಿದಾದ ‘ಆಪ್ಟಿಮಿಸ್ಟ್’ ದೋಣಿಯ ನಕ್ಷೆ ಬರೆದ. ಇಂದು ಲೋಕದ ಅನೇಕ ದೇಶಗಳ ಮಕ್ಕಳು ಹಾಯಿ ಬಿಚ್ಚುವುದನ್ನು ಕಲಿಯುವುದು ಅದರಲ್ಲಿಯೇ.

ಇನ್ನೂ ಸುಲಭವಾದ ಉಪಾಯವೊಂದನ್ನು ಇಂಗ್ಲೆಂಡಿನಲ್ಲಿ ಕಂಡುಕೊಂಡವನು ಕೆನ್ ಲಿಟಲ್‌ಡೈಕ್ ಎಂಬ ಶಾಲಾ ಉಪಾಧ್ಯಾಯ. ನಮ್ಮ ವರ್ಗದವನೇ ಎಂದು ನನಗೆ ಹೆಮ್ಮೆ! ದೋಣಿಗೆ ಮೊದಲು ಎಲುಬಿನ ಗೂಡು ಕಟ್ಟಿ ಅದರ ಮೇಲೆ ಹಲಗೆ ಹೊದಿಸುವುದು ವಾಡಿಕೆ. ಆ ಗೂಡೇ ಬೇಡ, ಹಲಗೆಗಳನ್ನು ಬಟ್ಟೆಯಂತೆ ಕತ್ತರಿಸಿ, ಅಂಚಿಗೆ ಅಂಚು ಹೊಲಿದು, ಹೊಲಿಗೆಯ ಮೇಲೆ ಗಾಜಿನ ನಾರಿನ ಪಟ್ಟಿಯನ್ನು ರಾಳದಿಂದ ಅಂಟಿಸಿದರೆ ಸಾಕು ಎಂಬುದು ಅವನ ಯುಕ್ತಿ. ಇದನ್ನೇ ಹಿಡಿದು ಬ್ಯಾರಿ ಬಕ್ನೆಲ್ ಮತ್ತು ಜ್ಯಾಕ್ ಹೋಲ್ಟ್ ಎಂಬ ಇಬ್ಬರು ರೂಪಿಸಿದ ಹತ್ತಡಿ ಹತ್ತಂಗುಲದ ‘ಮಿರರ್’ ದೋಣಿಯು ೧೯೬೩ರಲ್ಲಿ ಹೊರಬಂತು. ಅದನ್ನು ಪ್ರಾಯೋಜಿಸಿದ್ದು ಒಂದು ದಿನಪತ್ರಿಕೆ, ಹೆಸರೂ ಅದರದೇ. ಪೆಟ್ಟಿಗೆಯಲ್ಲಿ ಬರುತ್ತಿದ್ದ ಹಲಗೆ, ತಂತಿ, ಕೆಂಪು ಹಾಯಿ ಎಲ್ಲಕ್ಕೂ ಸೇರಿ ಮೊದಲಿಗೆ ೬೩ ಪೌಂಡು ೧೧ ಷಿಲಿಂಗ್ ಬೆಲೆ. ಗುಮಾಸ್ತರೂ ಕಾರ್ಮಿಕರೂ ತಮ್ಮ ಮನೆಗಳಲ್ಲಿಯೇ ಅದನ್ನು ಹೊಲಿದರು. ಎಪ್ಪತ್ತು ಸಾವಿರಕ್ಕೂ ಮಿಕ್ಕಿ ಇಂಥ ದೋಣಿಗಳು ಆದುವು. ಅಲ್ಲಿಯವರೆಗೆ ಸಿರಿವಂತರ ವಿಲಾಸವಾಗಿದ್ದ ಹಾಯಿದೋಣಿಯ ವಿಹಾರವು ಈ ಹೊಲಿಗೆಯಿಂದ ಸಾಮಾನ್ಯರ ಮನೆಗೂ ಬಂತು.

ನಾನು ಹಿಡಿದದ್ದೂ ಇದೇ ದಾರಿ. ಮೊದಲ ಎರಡು ತಿಂಗಳು ಮರವನ್ನು ಮುಟ್ಟಲಿಲ್ಲ. ಮೊಮ್ಮಗಳ ಹಳೆಯ ನೋಟುಪುಸ್ತಕಗಳ ರಟ್ಟನ್ನು ಕತ್ತರಿಸಿ, ಸೂಜಿದಾರದಿಂದ ಹೊಲಿದು, ಒಂದಡಿ ಉದ್ದದ ಪುಟ್ಟ ದೋಣಿಗಳನ್ನು ಮಾಡಿದೆ. ಸೋಜಿಗವೆಂದರೆ, ಚಪ್ಪಟೆಯಾದ ರಟ್ಟಿನ ಅಂಚನ್ನು ಸ್ವಲ್ಪ ಬಾಗಿಸಿ ಕತ್ತರಿಸಿ ಇನ್ನೊಂದರೊಡನೆ ಸೇರಿಸಿ ಹೊಲಿದಾಗ ಅದು ತಾನಾಗಿಯೇ ಹೊಟ್ಟೆ ಉಬ್ಬಿಸಿ ದೋಣಿಯ ಆಕಾರ ತಳೆಯುತ್ತದೆ. ರವಿಕೆ ಹೊಲಿಯುವವರಿಗೆ ಇದು ಹೊಸ ಸಂಗತಿಯಲ್ಲ, ನನಗೆ ಹೊಸದಾಗಿತ್ತು. ಒಂಬತ್ತು ವರ್ಷದ ನನ್ನ ಮೊಮ್ಮಗಳು ಅವುಗಳನ್ನು ಬಾವಿಕಟ್ಟೆಯ ತೊಟ್ಟಿಯಲ್ಲಿ ತೇಲಿಬಿಟ್ಟು, ಗೋಲಿಗಳನ್ನು ಒಂದೊಂದಾಗಿ ತುಂಬಿ, ಯಾವುದು ಎಷ್ಟಕ್ಕೆ ಮುಳುಗಿತೆಂದು ಗೋಡೆಯ ಮೇಲೆ ಬರೆದಿಡುತ್ತಿದ್ದಳು. ಹನ್ನೊಂದನೆಯದು ಎಲ್ಲಕ್ಕಿಂತ ಹೆಚ್ಚು ಹೊತ್ತಿತು. ಅದನ್ನೇ ಹತ್ತು ಪಟ್ಟು ಹಿಗ್ಗಿಸುವುದೆಂದು ತೀರ್ಮಾನವಾಯಿತು.

ಇಲ್ಲಿ ವಿದ್ಯಾರ್ಥಿಗಳಿಗಾಗಿ ಸ್ವಲ್ಪ ಲೆಕ್ಕ. ದೋಣಿಯ ಉದ್ದ ಹತ್ತಡಿ, ಅಗಲ ನಾಲ್ಕಡಿ, ಪಕ್ಕದ ಎತ್ತರ ಸುಮಾರು ೪೦ ಸೆಂಟಿಮೀಟರ್. ಆರು ಮಿಲಿಮೀಟರ್ ದಪ್ಪದ, ಎಂಟಡಿಗೆ ನಾಲ್ಕಡಿಯ ಮೂರು ಹಲಗೆ ಬೇಕು. ಅಂಟು, ಆಸನ ಎಲ್ಲ ಸೇರಿ ದೋಣಿಯ ತೂಕ ೪೫ ಕಿಲೋ, ನಾನು ೬೫, ಒಟ್ಟು ೧೧೦. ಅಂದಮೇಲೆ ದೋಣಿ ೧೧೦ ಲೀಟರ್ ನೀರನ್ನು ಸರಿಸಬೇಕು. ತುದಿಗಳು ಕಿರಿದಾಗುವುದರಿಂದ ನೀರಿನ ಮಟ್ಟದಲ್ಲಿ ದೋಣಿಯ ವಿಸ್ತೀರ್ಣ ಸರಾಸರಿ ೧.೬ ಚದರ ಮೀಟರ್ ಎಂದು ನನ್ನ ನಕ್ಷೆ ಹೇಳಿತು. ಭಾಗಿಸಿದರೆ ಏಳು ಸೆಂಟಿಮೀಟರ್ ಮುಳುಗಬೇಕು. ಆಮೇಲೆ ಪ್ರತಿ ಹದಿನಾರು ಕಿಲೋಗೆ ಇನ್ನೊಂದು ಸೆಂಟಿಮೀಟರ್. ಕಡಲಿನ ಉಪ್ಪು ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಭಾರ. ಆದಕಾರಣ ಬೇಸಗೆಯಲ್ಲಿ ಉಪ್ಪೇರಿದ ಅಳಿವೆಯಲ್ಲಿ ತೇಲುವುದಕ್ಕಿಂತ ಮಳೆಗಾಲದ ಸಿಹಿ ಹೊಳೆಯಲ್ಲಿ ಅದೇ ದೋಣಿ ಒಂದು ಕೂದಲೆಳೆ ಹೆಚ್ಚು ಮುಳುಗುತ್ತದೆ. ಇಷ್ಟನ್ನು ಸ್ವಂತ ಲೆಕ್ಕದಿಂದ ಕಂಡುಕೊಂಡ ದಿನ ನನಗಾದ ಸಂತೋಷ ಮೂವತ್ತೊಂದು ವರ್ಷದ ಪಾಠಗಳಲ್ಲಿ ಆಗಿರಲಿಲ್ಲ.

ಸಂತೋಷದ ಹಿಂದೆಯೇ ಕಷ್ಟವೂ ಬಂತು. ಎಂಟಡಿಯ ಹಲಗೆಯನ್ನು ಹತ್ತಡಿ ಮಾಡಲು ಎರಡು ತುಂಡುಗಳ ತುದಿಗಳನ್ನು ಓರೆಯಾಗಿ ಕೀಸಿ ಒಂದರ ಮೇಲೊಂದು ಕೂರಿಸಬೇಕು. ದಪ್ಪದ ಎಂಟರಷ್ಟು ಉದ್ದದ ಓರೆ. ಕೀಸುಳಿ ನನ್ನ ಮಾತು ಕೇಳಲಿಲ್ಲ. ಮೊದಲಿನ ಎರಡು ಬೆಸುಗೆ ಬಿಟ್ಟುಹೋದವು. ಆಮೇಲೆ ಅಂಚಿನುದ್ದಕ್ಕೂ ಗೇಣಿಗಿಂತ ಕಡಿಮೆ ಅಂತರದಲ್ಲಿ ಬೈರಿಗೆಯಿಂದ ತೂತು ಕೊರೆದು, ತಾಮ್ರದ ತಂತಿ ಪೋಣಿಸಿ, ಇಕ್ಕಳದಿಂದ ತಿರುಚಿ ಬಿಗಿದೆವು. ಸಂಜೆಯ ಹೊತ್ತಿಗೆ ಅಂಗಳದಲ್ಲಿ ಚಪ್ಪಟೆಯಾಗಿ ಬಿದ್ದಿದ್ದ ಹಲಗೆಗಳು ಎದ್ದು ದೋಣಿಯಾಗಿ ನಿಂತವು. ಗೃಹಿಣಿಯೂ ಒಳಗಿನಿಂದ ಬಂದು ನೋಡಿದಳು. “ಇಷ್ಟು ಚೆಂದವಾಗುತ್ತದೆಂದು ತಿಳಿದಿರಲಿಲ್ಲ” ಎಂದಳು. ಅಡಿಕೆಯ ಮಾತು ಆ ಸಂಜೆ ಬರಲಿಲ್ಲ.

ಮರುದಿನ ಆಚಾರಿಯವರು ಬಂದರು. ಎಂಬತ್ತರ ಸಮೀಪದ ಮುದುಕರು. ಒಂದು ಕಾಲಕ್ಕೆ ಈ ಹೊಳೆಯ ಅರ್ಧ ದೋಣಿಗಳು ಅವರ ಕೈಯವೇ. ಈಗ ಕಣ್ಣಿಗೆ ಪೊರೆ ಬಂದಿದೆ. ಮಗ ಫೈಬರ್ ದೋಣಿಗಳ ಕೆಲಸಕ್ಕೆ ಸೇರಿ ಪರವೂರಿನಲ್ಲಿದ್ದಾನೆ. ಅವರು ದೋಣಿಯನ್ನು ನೋಡಲಿಲ್ಲ. ಮೂತಿಯಿಂದ ಬಾಲದವರೆಗೆ ಅಂಗೈಯಿಂದ ಸವರಿಕೊಂಡು ಹೋದರು. ತಂತಿಯ ಗಂಟುಗಳ ಮೇಲೆ ಬೆರಳು ನಿಂತಿತು.

“ಇದು ಹೊಲಿಗೆ ದೋಣಿ ಮಾಸ್ತರೇ!” ಎಂದರು.

“ಹೌದು ಆಚಾರ್ರೇ, ಇಂಗ್ಲೆಂಡಿನಲ್ಲಿ ಕಂಡುಹಿಡಿದ ಕ್ರಮ” ಎಂದೆ.

ಅವರು ನಕ್ಕರು. “ನನ್ನ ಅಜ್ಜ ಇಂಗ್ಲೆಂಡಿಗೆ ಹೋದದ್ದು ನಾನು ಕೇಳಿಲ್ಲ.”

ಆ ಮಾತು ನನ್ನನ್ನು ಪುಸ್ತಕಗಳ ಕಡೆಗೆ ಅಟ್ಟಿತು. ನಾಚಿಕೆಯಿಂದಲೇ ಹೇಳುತ್ತೇನೆ, ನಮ್ಮ ಕರಾವಳಿಯ ರಂಪಣಿ ದೋಣಿಗಳು ಕತ್ತದ ಹುರಿಯಿಂದ ಹೊಲಿದವುಗಳೆಂಬುದನ್ನು ಬಾಲ್ಯದಲ್ಲಿ ಕಣ್ಣಾರೆ ಕಂಡಿದ್ದೂ ನಾನು ಮರೆತಿದ್ದೆ. ದಂಡೆಯಿಂದ ಹೊರಟು ಕಡಲನ್ನು ಬಳಸಿ ಬಲೆ ಬಿಟ್ಟು ಬರುತ್ತಿದ್ದ ಆ ದೊಡ್ಡ ದೋಣಿಗಳಲ್ಲಿ ಹಲಗೆಗೆ ಹಲಗೆ ಸೇರುವಲ್ಲಿ ಮೊಳೆಯಿರಲಿಲ್ಲ, ಹೊಲಿಗೆಯಿತ್ತು. ೧೯೭೦ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆಯ ಯಂತ್ರದೋಣಿಗಳು ಬಂದ ಮೇಲೆ ಊರಿಗೆ ಊರೇ ಸೇರಿ ಎಳೆಯುತ್ತಿದ್ದ ರಂಪಣಿ ಬಲೆ ಹಿಂದೆ ಸರಿಯಿತು. ಅದರೊಡನೆ ಆ ದೋಣಿಯೂ ಹೋಯಿತು. ಹದಿನಾಲ್ಕನೆಯ ಶತಮಾನದಲ್ಲಿ ಲೋಕ ಸುತ್ತಿದ ಮೊರಾಕೋದ ಇಬ್ನ್ ಬತೂತ ನಮ್ಮ ಈ ಹೊನ್ನಾವರದಲ್ಲಿಯೂ ತಂಗಿದ್ದವನು. ಭಾರತದ ಮತ್ತು ಯೆಮೆನ್ನಿನ ಹಡಗುಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಾರೆಂದು ಅವನು ಬರೆದಿದ್ದಾನೆ, ಕಾರಣವನ್ನೂ ಕೊಟ್ಟಿದ್ದಾನೆ. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆದುಹೋಗುತ್ತದೆ; ಹೊಲಿದದ್ದು ಬಳುಕಿ ತಾಳಿಕೊಳ್ಳುತ್ತದೆ. ಈ ವಿದ್ಯೆ ಇನ್ನೂ ಪೂರ್ತಿಯಾಗಿ ಅಳಿದಿಲ್ಲವೆಂಬುದು ನೆಮ್ಮದಿಯ ಸಂಗತಿ. ಅಜಂತೆಯ ಐದನೆಯ ಶತಮಾನದ ಚಿತ್ರವೊಂದನ್ನು ಮಾದರಿಯಾಗಿಟ್ಟುಕೊಂಡು, ಕೇರಳದ ಕುಶಲಿಗಳು ಗೋವೆಯಲ್ಲಿ ಹಡಗೊಂದನ್ನು ಹುರಿಯಿಂದಲೇ ಹೊಲಿದರು. ಬಾಬು ಶಂಕರನ್ ಎಂಬವರು ಅವರ ಮುಂದಾಳು. ೨೦೨೫ರ ಮೇ ೨೧ರಂದು ನಮ್ಮ ಕಾರವಾರದ ನೌಕಾನೆಲೆಯಲ್ಲಿ ಅದು ‘ಕೌಂಡಿನ್ಯ’ ಎಂಬ ಹೆಸರಿನಿಂದ ನೌಕಾಪಡೆಯನ್ನು ಸೇರಿತು. ಆ ವರ್ಷದ ಡಿಸೆಂಬರ್ ಕೊನೆಯಲ್ಲಿ ಪೋರಬಂದರದಿಂದ ಮಸ್ಕತ್ತಿನತ್ತ ಹಾಯಿ ಬಿಚ್ಚಿ ಹೊರಟಿತು.

ಇರಲಿ. ಆ ದಿನ ಆಚಾರಿಯವರು ಹೊರಡುವ ಮುನ್ನ ಕೂರುವ ಅಡ್ಡಹಲಗೆಗೆಂದು ನಾನು ಗುರುತು ಮಾಡಿದ್ದ ಜಾಗವನ್ನು ಮುಟ್ಟಿದರು. “ಇದು ಎತ್ತರವಾಯಿತು. ನಾಲ್ಕು ಬೆರಳು ಇಳಿಸಿ” ಎಂದರು. ನಾನು ನಕ್ಷೆಯನ್ನು ಬಿಡಿಸಿ, ಹುಟ್ಟು ಹಾಕುವವನ ಮೊಣಕಾಲಿಗೆ ಇಷ್ಟು ಎತ್ತರವಿದ್ದರೆ ಅನುಕೂಲವೆಂದು ವಿವರಿಸಿದೆ. ಪೊರೆ ಬಂದ ಕಣ್ಣುಗಳ ಮುಂದೆ ನಕ್ಷೆ ಹಿಡಿದೆನೆಂಬುದು ಆಮೇಲೆ ಹೊಳೆಯಿತು. ಅವರು ವಾದಿಸಲಿಲ್ಲ. “ನೀವು ಓದಿದವರು” ಎಂದು ಕೋಲೂರಿಕೊಂಡು ಹೊರಟರು. ನಾನು ಇಳಿಸಲಿಲ್ಲ.

ದೀಪಾವಳಿ ಕಳೆದ ಮೇಲೆ, ಹೊಳೆ ತಿಳಿಯಾಗಿದ್ದ ಒಂದು ಬೆಳಗ್ಗೆ, ಭರತ ಏರಿದ ಹೊತ್ತಿಗೆ ದೋಣಿಯನ್ನು ನೀರಿಗಿಳಿಸಿದೆವು. ಮೊಮ್ಮಗಳು ಹೊಸ ಲಂಗ ತೊಟ್ಟು ಸಿದ್ಧಳಾಗಿದ್ದಳು. ಗೋಲಿಗಳ ಲೆಕ್ಕ ಬರೆದವಳು ತಾನಾದ್ದರಿಂದ ಮೊದಲು ಹತ್ತುವ ಹಕ್ಕು ತನ್ನದೆಂದು ಅವಳ ವಾದ. ನಾನು ಅವಳನ್ನು ಎತ್ತಿಕೊಳ್ಳಲು ಕೈ ಚಾಚಿದ್ದೆ. ದಂಡೆಯ ಕಲ್ಲಿನ ಮೇಲೆ ಕುಳಿತಿದ್ದ ಆಚಾರಿಯವರು ಅವಳ ಮುಂಗೈ ಹಿಡಿದುಕೊಂಡರು. “ಮೊದಲು ಕಟ್ಟಿದವರು ಹತ್ತಲಿ. ಮಗು ಆಮೇಲೆ” ಎಂದರು. ಮೊಮ್ಮಗಳ ಕಣ್ಣಲ್ಲಿ ನೀರು ಬಂತು. ಅವರು ಕೈ ಬಿಡಲಿಲ್ಲ.

ನಾನು ಹತ್ತಿ ಕುಳಿತೆ. ಏಳು ಸೆಂಟಿಮೀಟರಿಗೆಂದು ಸೀಮೆಸುಣ್ಣದಿಂದ ಗೆರೆ ಹಾಕಿದ್ದೆನಲ್ಲ, ನೀರು ಒಂದು ನೂಲೂ ಹೆಚ್ಚುಕಡಿಮೆಯಾಗದಂತೆ ಅಲ್ಲಿಗೇ ಬಂದು ನಿಂತಿತು! ಆ ಕ್ಷಣದ ಹಿಗ್ಗನ್ನು ಹೇಗೆ ಬಣ್ಣಿಸಲಿ? ದಂಡೆಯವರಿಗೂ ಅದನ್ನು ತೋರಿಸಬೇಕೆಂಬ ಆಸೆಯಾಯಿತು. ಅರ್ಧ ಎದ್ದು, ಪಕ್ಕಕ್ಕೆ ಬಾಗಿ, ಬೆರಳಿನಿಂದ ಗೆರೆಯನ್ನು ತೋರಿಸಿದೆ. ಮರುಗಳಿಗೆಯಲ್ಲಿ ಆಕಾಶ ಕೆಳಗೂ ಹೊಳೆ ಮೇಲೂ ಆದವು. ದೋಣಿ ಮಗುಚಿ ನನ್ನ ಮೇಲೆ ಬಿದ್ದಿತ್ತು. ಅಡ್ಡಹಲಗೆಯ ಅಂಚು ಹೆಗಲಿಗೆ ಬಡಿಯಿತು. ದೋಣಿಯ ಅಡಿಯ ಕತ್ತಲೆಯಲ್ಲಿ, ಬಾಯಿತುಂಬ ಉಪ್ಪು ನೀರಿನೊಡನೆ, ಯಾವ ಕಡೆ ಮೇಲೆಂಬುದೇ ತಿಳಿಯಲಿಲ್ಲ. ಕಾಲಿಗೆ ಕೆಸರು ಸಿಕ್ಕಿ ಎದ್ದು ನಿಂತಾಗ ನೀರು ನನ್ನ ಎದೆಮಟ್ಟ. ಮೊಮ್ಮಗಳಿಗಾಗಿದ್ದರೆ ಅದು ತಲೆಯ ಮೇಲೆ. ದಂಡೆಯಲ್ಲಿದ್ದ ಯಾರೂ ನಗಲಿಲ್ಲ. ಆಚಾರಿಯವರು ಇನ್ನೂ ಅವಳ ಮುಂಗೈಯನ್ನು ಹಿಡಿದೇ ಇದ್ದರು.

ಆ ರಾತ್ರಿ ನಿದ್ರೆ ಬರಲಿಲ್ಲ. ಎದ್ದು ದೀಪ ಹಾಕಿ ಪುಸ್ತಕ ತೆರೆದೆ. ತೇಲುವ ವಸ್ತುಗಳನ್ನು ಕುರಿತ ಆರ್ಕಿಮಿಡೀಸನ ಗ್ರಂಥದಲ್ಲಿ ಎರಡು ಭಾಗಗಳಿವೆ. ವಸ್ತು ಎಷ್ಟು ಮುಳುಗುತ್ತದೆಂಬ ನಮ್ಮ ಪಾಠದ ತತ್ತ್ವ ಮೊದಲನೆಯದರಲ್ಲಿದೆ. ತೇಲುವ ವಸ್ತುವನ್ನು ಓರೆ ಮಾಡಿ ಬಿಟ್ಟರೆ ಅದು ಯಾವಾಗ ಮತ್ತೆ ನೆಟ್ಟಗಾಗುತ್ತದೆ, ಯಾವಾಗ ಆಗುವುದಿಲ್ಲ ಎಂಬ ವಿಚಾರವೇ ಎರಡನೆಯ ಭಾಗದ ಜೀವಾಳ. ಆ ಮಹಾನುಭಾವ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಹೇಳಿಟ್ಟ ಉತ್ತರಾರ್ಧವನ್ನು ನಾನು ಒಮ್ಮೆಯೂ ಕಲಿಸಿರಲಿಲ್ಲ, ಕಲಿತಿರಲೂ ಇಲ್ಲ. ಹಡಗುಗಳಿಗೆ ಇದನ್ನು ಲೆಕ್ಕಕ್ಕೆ ಅಳವಡಿಸಿದವನು ಪಿಯೇರ್ ಬುಗೇ ಎಂಬ ಫ್ರೆಂಚ್ ವಿದ್ವಾಂಸ. ೧೭೪೬ರ ಅವನ ಗ್ರಂಥದಲ್ಲಿ ಅದರ ನಿರೂಪಣೆಯಿದೆ. ದೋಣಿ ಸ್ವಲ್ಪ ವಾಲಿದಾಗ ನೀರಿನ ಒತ್ತುವಿಕೆಯ ಕೇಂದ್ರವು ವಾಲಿದ ಕಡೆಗೆ ಸರಿಯುತ್ತದೆ. ಅಲ್ಲಿಂದ ಮೇಲಕ್ಕೆ ಎಳೆದ ನೇರ ಗೆರೆ ದೋಣಿಯ ನಡುಗೆರೆಯನ್ನು ಕೂಡುವ ಬಿಂದುವಿಗಿಂತ ತೂಕದ ಕೇಂದ್ರ ಕೆಳಗಿದ್ದರೆ ದೋಣಿ ಮರಳಿ ನೆಟ್ಟಗಾಗುತ್ತದೆ, ಮೇಲಿದ್ದರೆ ಮಗುಚುತ್ತದೆ. ಎದ್ದು ನಿಂತವನು ತನ್ನ ತೂಕದ ಕೇಂದ್ರವನ್ನು ತಾನೇ ಮೇಲಕ್ಕೆತ್ತುತ್ತಾನೆ. ಎತ್ತರದ ಆಸನವು ಆ ಅಪಾಯಕ್ಕೆ ಅರ್ಧ ದಾರಿಯನ್ನು ಮೊದಲೇ ಸವೆಸಿಕೊಟ್ಟಿರುತ್ತದೆ.

ಬೆಳಗಾದೊಡನೆ ಆಚಾರಿಯವರ ಮನೆಗೆ ಹೋದೆ. ಏನು ಹೇಳುವುದೆಂದು ತೋಚದೆ ಜಗುಲಿಯಲ್ಲಿ ಕುಳಿತೆ. ಅವರೇ ಮಾತೆತ್ತಿದರು: “ಅಡ್ಡಹಲಗೆ ಬಿಚ್ಚಿದಿರೋ?” ಅಷ್ಟೇ. ನಾಲ್ಕು ಬೆರಳೆಂದರೆ ಏಳೂವರೆ ಸೆಂಟಿಮೀಟರ್. ಅಷ್ಟು ಇಳಿಸಿ ಲೆಕ್ಕ ಹಾಕಿದಾಗ ದೋಣಿ ಮತ್ತು ನಾನು ಸೇರಿದ ತೂಕದ ಕೇಂದ್ರ ಸುಮಾರು ನಾಲ್ಕೂವರೆ ಸೆಂಟಿಮೀಟರ್ ಕೆಳಗಿಳಿಯಿತು. ಮೂರು ದಿನ ಕುಳಿತು ನಾನು ಕಾಗದದ ಮೇಲೆ ಕಂಡದ್ದನ್ನು ಅವರ ಕೈ ಒಂದು ಗಳಿಗೆಯಲ್ಲಿ ಕಂಡಿತ್ತು. ಮುಂದಿನ ಮತ್ತು ಹಿಂದಿನ ತುದಿಗಳಲ್ಲಿ ಗಾಳಿ ತುಂಬಿದ ಮುಚ್ಚುಗೂಡುಗಳನ್ನೂ ಮಾಡಿದೆ. ನೀರು ತುಂಬಿದರೂ ದೋಣಿ ಮುಳುಗದಂತೆ. ತೇಲಂಗಿ ತೊಡದೆ ಯಾರೂ ಅದನ್ನು ಹತ್ತಕೂಡದೆಂಬ ನಿಯಮವೂ ಆಯಿತು. ಅದು ಗೃಹಿಣಿಯ ಶಾಸನ.

ಎರಡನೆಯ ಬಾರಿ ಮೊದಲು ಹತ್ತಿದವರು ಆಚಾರಿಯವರೇ. ಅವರು ಕುಳಿತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೈ ವಾಲಿಸಿ, ದೋಣಿ ಮರಳಿ ನೆಟ್ಟಗಾಗುವುದನ್ನು ಕಣ್ಣು ಮುಚ್ಚಿ ಪರೀಕ್ಷಿಸಿದರು. “ಈಗ ಮಗು ಬರಲಿ” ಎಂದರು. ಮೊಮ್ಮಗಳು ಅವರ ಎದುರಿಗೆ ಕುಳಿತಳು. ನಾನು ಹುಟ್ಟು ಹಾಕಿದೆ. ತಂಗಾಳಿಯಲ್ಲಿ ಸ್ವಲ್ಪ ದೂರ ಹೋಗಿ ಬಂದೆವು. ಎಷ್ಟೋ ವರ್ಷಗಳ ಮೇಲೆ ಮರದ ದೋಣಿಯಲ್ಲಿ ಕುಳಿತೆನೆಂದು ಅವರು ಹೇಳಿದರು. ಮತ್ತೇನೂ ಹೇಳಲಿಲ್ಲ.

ಆಗಿನಿಂದ ವಾರಕ್ಕೆರಡು ಸಂಜೆ ಅವರ ಜಗುಲಿಯಲ್ಲಿ ಕುಳಿತು ಅವರು ಹೇಳುವ ಅಳತೆಗಳನ್ನು ಬರೆದುಕೊಳ್ಳುತ್ತಿದ್ದೇನೆ: ಮೊಳ, ಗೇಣು, ಬೆರಳುಗಳ ಲೆಕ್ಕ, ಹೆಬ್ಬಲಸಿನ ಹಲಗೆ ಎಲ್ಲಿಗೆ, ಪಾತಿ ದೋಣಿಗೆ ಎಂಥ ಮಾವಿನ ಮರ, ಮೀನೆಣ್ಣೆ ಯಾವಾಗ ಬಳಿಯಬೇಕು. ನಲವತ್ತು ಪುಟ ತುಂಬಿವೆ. ಕೆಲವೆಡೆ ಅವರು ಮಾತು ನಿಲ್ಲಿಸಿ, ಗಾಳಿಯಲ್ಲಿ ಅಂಗೈಯನ್ನು ಬಾಗಿಸಿ, “ಹೀಗೆ” ಎನ್ನುತ್ತಾರೆ. ಅಲ್ಲಿ ನಾನು ಏನು ಬರೆಯಬೇಕೆಂದು ತಿಳಿಯದೆ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಆ ಖಾಲಿ ಸಾಲುಗಳನ್ನು ತುಂಬಲು ಇನ್ನೊಂದು ದೋಣಿಯನ್ನೇ ಅವರ ಕೈಕೆಳಗೆ ಕಟ್ಟಬೇಕಾದೀತು. ಅವರ ವಯಸ್ಸನ್ನು ನೆನೆದರೆ ಬೇಗನೆ ಆರಂಭಿಸುವುದು ಲೇಸು.

ಆ ಹುಡುಗಿ ಈಗ ಕಾಲೇಜಿನಲ್ಲಿದ್ದಾಳೆ. ಮೊನ್ನೆ ರಜೆಗೆ ಬಂದಾಗ ನಮ್ಮ ಮನೆಗೂ ಬಂದಳು. ಕಟ್ಟೆಗೆ ಕಟ್ಟಿದ್ದ ದೋಣಿಯನ್ನು ತೋರಿಸಿ, ಇದರಲ್ಲಿ ಮೂವರು ಕೂರಬಹುದು, ನಾಲ್ಕನೆಯವರಿಗೆ ಜಾಗವಿದ್ದರೂ ಹತ್ತಿಸಕೂಡದು ಎಂದು ಅವಳ ಹಳೆಯ ಪ್ರಶ್ನೆಗೆ ಉತ್ತರ ಹೇಳಿದೆ. “ನೋಡಿದ ಕೂಡಲೆ ತಿಳಿಯಿತೆ ಸರ್?” ಎಂದು ಕೇಳಿದಳು.

“ಇಲ್ಲಮ್ಮ, ಎರಡು ವರ್ಷ ಹಿಡಿಯಿತು” ಎಂದೆ.